ಅದೇ ಮೊಳೆ

ಕನಗನಹಳ್ಳಿಯ ತಗಡಿನ ಚಪ್ಪರದಲ್ಲಿ
ಹನ್ನೊಂದು ವರ್ಷದಿಂದ ನಾನು ಕಾವಲುಗಾರ.
ಕಲ್ಲೇನು ಓಡಿಹೋಗುವುದಿಲ್ಲ,
ಆದರೂ ದಿನಾ ಸಂಜೆ ಎಣಿಸುತ್ತೇನೆ:
ಆನೆ, ಹಂಸ, ಬಾಗಿ ನಿಂತ ಹೆಂಗಸರು,
ಎರಡು ಪಾದ,
ಯಾರೂ ಕೂತಿರದ ಒಂದು ಪೀಠ.

ಮೊದಮೊದಲು ಬುದ್ಧನ ಮುಖ ಕೆತ್ತುತ್ತಿರಲಿಲ್ಲವಂತೆ.
ಪಾದ ಸಾಕಿತ್ತು, ಖಾಲಿ ಪೀಠ ಸಾಕಿತ್ತು.
ಆಮೇಲೆ ಜನಕ್ಕೆ ಕಣ್ಣು ಮೂಗು ಬೇಕಾಯಿತು,
ಇಲ್ಲೇ, ಇದೇ ಭೀಮಾದಂಡೆಯಲ್ಲಿ.

ಹೋದ ಚಳಿಗಾಲ ಇಬ್ಬರು ಭಿಕ್ಖುಗಳು ಬಂದರು.
ಸಿಂಹಳದವರದು ಅರಿಸಿಣದ ಚೀವರ,
ಲಡಾಖಿನವರದು ಒಣಮೆಣಸಿನಕಾಯಿ ಬಣ್ಣ.
ನಮ್ಮವ್ವ ನಾಗಿಂದ್ರಮ್ಮ ಬುತ್ತಿ ತಂದಳು:
ಸಜ್ಜಿರೊಟ್ಟಿ, ಪುಂಡಿಪಲ್ಯ, ಶೇಂಗಾಹಿಂಡಿ.
ಹೊತ್ತು ನೆತ್ತಿ ದಾಟಿತ್ತು.
ಅರಿಸಿಣದವರು ಕೈಮುಗಿದು ಬರೀ ನೀರು ಕುಡಿದರು.
ಮೆಣಸಿನಕಾಯಿಯವರು ಎರಡು ರೊಟ್ಟಿ ಉಂಡು
ಇನ್ನೊಂದಕ್ಕೆ ಕೈ ಚಾಚಿದರು.

‘ಇವರಿಬ್ಬರೊಳಗ ಖರೇ ಯಾರದವ್ವಾ?’
‘ಒಬ್ಬಂವಗ ಹಸಿವಿತ್ತು, ಒಬ್ಬಂವಗ ನೇಮ ಇತ್ತು.
ನೀ ಬುತ್ತಿ ಗಂಟು ಕಟ್ಟು.’

ಕೇಳಬಾರದಿತ್ತು ನಾನು.
ದೀಕ್ಷೆ ತಗೊಂಡ ವರ್ಷ
ಅಡಿಗೆಮನೆ ಗೋಡೆಯಿಂದ ಎಲ್ಲಮ್ಮನನ್ನು ಇಳಿಸಿದವನು ನಾನೇ.
ಅವ್ವ ತಡೆಯಲಿಲ್ಲ.
ನಾ ಬೀಳದ ಹಾಗೆ ಸ್ಟೂಲು ಹಿಡಿದು ನಿಂತಿದ್ದಳು.
ಅದೇ ಮೊಳೆಗೆ ಬುದ್ಧನನ್ನು ಹಾಕಿದೆ,
ಕಲಬುರ್ಗಿಯಲ್ಲಿ ಕೊಂಡ ಫೋಟೋ,
ಅಳತೆ ಒಂದು ಗೇಣು ಕಡಿಮೆ.
ಸುತ್ತಲೂ ಎಲ್ಲಮ್ಮ ಇದ್ದ ಜಾಗ
ಬೆಳ್ಳಗೆ ಉಳಿಯಿತು, ಪ್ರಭಾವಳಿಯ ಹಾಗೆ.
ಸುಣ್ಣ ಬಳಿಯೋಣ ಅಂದೆ.
ಅವ್ವ ‘ಹೂಂ’ ಅಂದಳು.
ಯಾರೂ ಬಳಿಯಲಿಲ್ಲ.

ಸನ್ನತಿಯಲ್ಲಿ ಗುಡಿಯ ಚಾವಣಿ ಕುಸಿದು
ಕಾಳಿಯ ಪೀಠವಾಗಿದ್ದ ಶಾಸನ ಹೊರಬಿತ್ತಲ್ಲ,
ಅದನ್ನು ನೋಡಿದ್ದೇನೆ.
ದೇವಿ ಅಲುಗದೆ ನಿಲ್ಲಲೆಂದು ನಡುವೆ ತೂತು ಕೊರೆದಿದ್ದಾರೆ.
ಆ ತೂತಿನಲ್ಲಿ ಹೋದ ಅಕ್ಷರಗಳೆಷ್ಟೋ.
ಉಳಿದವು ದೇವಿ ಮೈಮೇಲೆ ನಿಂತದ್ದಕ್ಕೇ ಉಳಿದವೋ,
ಬಂದವರು ಕೇಳುತ್ತಾರೆ.
ನಾನು ಕಲ್ಲು ಮುಟ್ಟಬೇಡಿ ಅನ್ನುತ್ತೇನೆ.

ಅವ್ವನಿಗೀಗ ಕಣ್ಣು ಮಂದ.
ನಸುಕಿನಲ್ಲಿ ರೊಟ್ಟಿ ಬಡಿಯುವ ಮುಂಚೆ
ಗೋಡೆಗೆ ಕೈಮುಗಿಯುತ್ತಾಳೆ.
ಯಾರಿಗೆ ಎಂದು ನಾನು ಕೇಳಿಲ್ಲ.
ಒಲೆಯ ಹೊಗೆ
ಬಿಳಿ ಜಾಗಕ್ಕೂ ಬುದ್ಧನ ಗಾಜಿಗೂ
ಭೇದ ಮಾಡದೆ ಹತ್ತುತ್ತಿದೆ.

ಮೊನ್ನೆ ಹುಣ್ಣಿವೆಗೆ ತಾನೇ ಮೇಲೆ ಹತ್ತಿ
ಸೆರಗಿನಿಂದ ಗಾಜು ಒರೆಸಿದಳು.
ಒರೆಸುತ್ತಾ ಒರೆಸುತ್ತಾ ಚೌಕಟ್ಟು ದಾಟಿ
ಗೋಡೆಯನ್ನೂ.
ನಾನು ಏನೂ ಅನ್ನಲಿಲ್ಲ,
ಸ್ಟೂಲು ಹಿಡಿದು ನಿಂತಿದ್ದೆ.