ಪಟ್ಟಿಯಲ್ಲೊಂದು ಹೊಸ ಖಾನೆ

ಇಪ್ಪತ್ತಾರು ವರ್ಷದಿಂದ ಪಟ್ಟಿ ಬರೀತಿದ್ದೀನಿ
ಕೋಲಾರದ ಟೊಮೇಟೊ ಮಂಡಿಯಲ್ಲಿ, ಹಾಳೆ ನಡುವೆ ಕಾರ್ಬನ್ನಿಟ್ಟು:
ಬಾಕ್ಸು ಎಷ್ಟು, ಧಾರಣೆ ಎಷ್ಟು,
ಕಮಿಷನ್ನು, ಹಮಾಲಿ, ಲಾರಿ ಬಾಡಿಗೆ, ಚಿಲ್ಲರೆ ಖರ್ಚು.
ಇವತ್ತು ಚೌಡರೆಡ್ಡಿಯವರು ಗಲ್ಲಾಪೆಟ್ಟಿಗೆಗೆ ಒರಗಿ
"ಬಲಗಡೆ ಒಂದು ಖಾನೆ ಬಿಡಮ್ಮ," ಅಂದರು.
"ಸ್ಟೇಡಿಯಂ ಬರುತ್ತೆ."

ಬಿಟ್ಟೆ. ಸ್ಕೇಲಿಟ್ಟು, ನೇರಕ್ಕೆ.

ನಿನ್ನೆ ಸಂಜೆ ಸಭೆಯಿತ್ತು.
ನಾಲ್ಕು ಫ್ಯಾನಲ್ಲಿ ಒಂದು ತಿರುಗುತ್ತಿತ್ತು, ಅಧ್ಯಕ್ಷರ ತಲೆ ಮೇಲಿನದು.
ಗೋಡೆಗೆ ಚಿತ್ರ ಬಿಟ್ಟರು: ಹನ್ನೆರಡು ಸಾವಿರ ಕುರ್ಚಿ,
ನೀಲಿ ಬಣ್ಣದ ಓಟದ ಹಾದಿ, ರಾತ್ರಿಯನ್ನೇ ತೊಳೆದಂಥ ದೀಪ,
ಹುಲ್ಲಿನ ಮೇಲೆ ಯಾರದೋ ಮಕ್ಕಳು,
ನಮ್ಮ ಬಿಸಿಲು ಕಂಡೇ ಇಲ್ಲದವು.
ಹಿಂದೆ ಅಂತರಗಂಗೆ ಬೆಟ್ಟಕ್ಕೂ ಹಸಿರು ಬಳಿದಿದ್ದರು.
ಚಪ್ಪಾಳೆ ಬಿತ್ತು. ಅದು ನಿಲ್ಲುವ ಮೊದಲೇ
ಹಿಂದಿನ ಸಾಲಿಂದ ಗಂಗುಲಪ್ಪ, ಕೂತಲ್ಲಿಂದಲೇ:
"ಅದಿ ಸರೇ. ದುಡ್ಡು ಎವುರಿಸ್ತಾರು?"

ಅರ್ಧ ಸರ್ಕಾರದ್ದು ಅಂದರು. ಉಳಿದರ್ಧ
ಒಲೆಯಿಂದಿಳಿಸಿದ ಪಾತ್ರೆಯ ಹಾಗೆ ಕೈಯಿಂದ ಕೈಗೆ ಹೋಯಿತು.
ಮನೆಗಂದಾಯಕ್ಕೆ ಸೇರಿಸಿ ಅಂದರೆ
ಮನೆ ಇದ್ದವರೆಲ್ಲ ಕೆಮ್ಮಿದರು.
ಕಂಪನಿಯವರ ಹೆಸರಿಡೋಣ, ಅವರೇ ಕಟ್ಟಲಿ ಅಂದರೆ
"ಹೆಸರು ಅವರದು, ನೆಲ ನಮ್ಮಪ್ಪಂದಾ?" ಅಂತ ಮೆಂಬರು ಮುನಿರತ್ನಮ್ಮ.
ಕಡೆಗೆ ಯಾರೋ (ಯಾರೆಂದು ಈಗ ಯಾರೂ ಒಪ್ಪುತ್ತಿಲ್ಲ)
ಟೊಮೇಟೊ ಬಾಕ್ಸಿಗೊಂದು ರೂಪಾಯಿ ಅಂದರು.
ಒಂದು ರೂಪಾಯಿ!
ಸಭೆಗೆ ಸಭೆಯೇ ಹಗುರಾಗಿ ನಕ್ಕಿತು.

ನನಗೆ ನಗು ಬರಲಿಲ್ಲ. ಬಾಕ್ಸು ಎರಡು ಸಾವಿರಕ್ಕೆ ಹೋದ ದಿನ
ಒಂದು ರೂಪಾಯಿ ಕಣ್ಣಿಗೂ ಬೀಳಲ್ಲ.
ಮೂವತ್ತಕ್ಕೆ ಇಳಿದ ದಿನ ಎಲ್ಲ ಕಳೆದು
ಪಟ್ಟಿಯ ಬುಡದಲ್ಲಿ ನಾಲ್ಕು ಉಳಿಯುತ್ತೆ.
ನಾಲ್ಕರಲ್ಲಿ ಒಂದು.
ಇದನ್ನು ಹೇಳಬೇಕೆಂದು ಎದ್ದು, ಸೆರಗು ಸರಿಮಾಡಿಕೊಂಡು, ಕೂತೆ.

ಎದ್ದವನು ಅಲ್ಲಾಬಕಾಶ್, ಟವಲ್ಲು ಹೆಗಲಲ್ಲೇ ಇತ್ತು.
ಒಂದು ಕಾಲಕ್ಕೆ ಐದು ಸಾವಿರ ಮೀಟರು ರಾಜ್ಯಮಟ್ಟಕ್ಕೆ ಓಡಿದವನು;
ಈಗಲೂ ದಿನಕ್ಕೆ ಅಷ್ಟೇ ದೂರ,
ತಲೆ ಮೇಲೆ ಹದಿನೈದು ಕೆಜಿ.
ಬೇಡ ಅಂತಾನೆ ಅಂದುಕೊಂಡೆವು.
"ಕಟ್ಟಿ," ಅಂದ. "ಹಮಾಲಿಯಲ್ಲೇ ಹತ್ತು ಪೈಸೆ ಮುರಿದುಕೊಳ್ಳಿ.
ಗೇಟಿಗೆ ಮಾತ್ರ ಬೀಗ ಹಾಕಬೇಡಿ.
ಹಳೇ ಮೈದಾನಕ್ಕೆ ಕಾಂಪೌಂಡು ಎದ್ದಾಗಿಂದ
ನನ್ನ ಮಗಳು ಡಾಂಬರಿನ ಮೇಲೆ ಓಡ್ತಾಳೆ."

ಬೀಗದ ವಿಷಯ ಅಜೆಂಡಾದಲ್ಲಿರಲಿಲ್ಲ.
ನೋಡೋಣ ಅಂದರು. ಟೀ ಬಂತು. ಬಿಸ್ಕತ್ತು ಸಾಲಲಿಲ್ಲ.

ಬೆಳಗಿನ ಜಾವ ನಾಲ್ಕೂವರೆ. ಮೊದಲ ಲಾರಿಗೆ ಇನ್ನೂ ಹೊತ್ತಿದೆ.
ಅಂಗಳದಲ್ಲಿ ಖಾಲಿ ಬಾಕ್ಸು ಆಳೆತ್ತರಕ್ಕೆ,
ಅವುಗಳ ನಡುವೆ ಮುಬೀನಾ ಓಡುತ್ತಾಳೆ,
ನಿನ್ನೆಯ ಕೊಳೆತ ಹಣ್ಣು ದಾಟಿ, ತೂಕದ ಯಂತ್ರ ಸುತ್ತಿ.
ತಿರುವಿನಲ್ಲಿ ಒಮ್ಮೆ ಜಾರಿದಳು; ಕೈಯೂರಿ ಎದ್ದಳು,
ಅಂಗೈ ಕೆಂಪು. ರಕ್ತವೋ ಟೊಮೇಟೊವೋ ನಾನು ಕೇಳಲಿಲ್ಲ.
ಒಂದು ಸುತ್ತಿಗೆ ಎಷ್ಟು ಮೀಟರು ಅಂತ ಯಾರೂ ಅಳೆದಿಲ್ಲ.
ನನ್ನ ಮೊಬೈಲಲ್ಲಿ ಸೆಕೆಂಡು ಉರುಳುತ್ತೆ.
(ನಾನೂ ಖೋಖೋ ಆಡಿದವಳೇ. ಮಂಡಿಗೆ ಗೊತ್ತಿಲ್ಲ.)

"ಎಷ್ಟಾಯ್ತು ಆಂಟಿ?"

ದಿನಕ್ಕೆ ನೂರು ಸಲ ಕೇಳುವ ಮಾತು,
ಆ ಕಡೆ ನಿಂತವರು ಬೀಡಿ ಆರಿಸಿ, ಎರಡು ಕೈ ಚಾಚಿ ಕೇಳುವ ಮಾತು.
ಇಷ್ಟು ಹಲ್ಲು ಬಿಟ್ಟು ಯಾರೂ ಕೇಳಿರಲಿಲ್ಲ.
ಹೇಳಿದೆ. ಮತ್ತೆ ಓಡಿದಳು.

ಹೊಸ ಖಾನೆ ಇನ್ನೂ ಖಾಲಿಯಿತ್ತು.
ಅವಳ ಹೊತ್ತನ್ನು ಅಲ್ಲಿ ಪೆನ್ಸಿಲ್ಲಲ್ಲಿ ಬರೆದೆ, ಒತ್ತಿ,
ಚೌಡರೆಡ್ಡಿಯವರು ಬರುವಷ್ಟರಲ್ಲಿ ಅಳಿಸಿಯೂ ಬಿಟ್ಟೆ.
ಕಾರ್ಬನ್ನು ಇದ್ದದ್ದು ಆಮೇಲೆ ನೆನಪಾಯಿತು.
ಅಡಿಯ ಹಾಳೆಯಲ್ಲಿ, ಮಂಡಿಯ ಪ್ರತಿಯಲ್ಲಿ,
ನೀಲಿಯಾಗಿ ಕೂತಿದೆ.