ವೆಂಟಿನ ಬಾಯಲ್ಲಿ ಥರ್ಮಾಮೀಟರು

ಬೈತಕೋಲಿನ ಐಸ್ ಫ್ಯಾಕ್ಟರಿಯಿಂದ ಎರವಲು ತಂದದ್ದು,
ಉದ್ದ ಮೂಗು, ದುಂಡು ಮುಖ, ಒಂದು ಮುಳ್ಳು.
ಪುರ್ಸು ಮಾಳ್ಸೇಕರ ಅದನ್ನು ನಡುವಿನ ವೆಂಟಿಗೆ ತುರುಕಿ
ಜ್ವರದ ಮಗುವಿನ ಪಕ್ಕ ಕೂತಂತೆ ಕೂತ.
"ಮಾತಾಡಬೇಡಿ ಬಾಯಿ. ನಿಮ್ಮ ಉಸಿರೂ ಬಿಸಿ."

ನಾನು ಬಂದರಿನಲ್ಲಿ ಭರತ ಇಳಿತ ಬರೆಯುವವಳು.
ಅದೇ ಪಟ್ಟಿಯ ಹಿಂಬದಿ ಹಾಳೆಯಲ್ಲಿ ಬರೆದೆ:
ಹೊರಗೆ ಮೂವತ್ತಾರು.
ನ್ಯೂಟ್ರಲ್ಲಿನಲ್ಲಿ ನಿಂತಾಗ ಇಪ್ಪತ್ತಾರು.
ಅವನು ಆಕ್ಸಿಲರೇಟರು ಒತ್ತಿ ಹಿಡಿದ:
ಇಪ್ಪತ್ತು, ಹದಿನೆಂಟು, ಹದಿನಾರೂವರೆ.
ಕಾಲು ತೆಗೆದ. ಮುಳ್ಳು ಮತ್ತೆ ಏರಿತು
ಅವಸರವಿಲ್ಲದೆ, ಕಾಳಿಯ ಅಳಿವೆಯಲ್ಲಿ ನೀರು ಏರಿದ ಹಾಗೆ.
"ಓಡಿದರೆ ತಂಪು, ನಿಂತರೆ ಬಿಸಿ. ಇದರ ಜಾತಿಯೇ ಅಂಥದ್ದು."

ಎಂಬತ್ತೊಂಬತ್ತರ ಕಾಂಟೆಸಾ.
ಆರ್‌ಸಿ ಪುಸ್ತಕದಲ್ಲಿ ಹಾಲುಬಿಳಿ, ಬಿಸಿಲಲ್ಲಿ ನೋಡಿದರೆ ಗಟ್ಟಿ ತುಪ್ಪ.
ನಾಲ್ಕನೆಯ ಕೈ ನಾನು.
ಎಸಿ ಹೇಗಿದೆ ಎಂದು ಕೇಳಿದ್ದಕ್ಕೆ ಮಾರಿದವನು ಸಮುದ್ರ ತೋರಿಸಿದ್ದ:
"ಅಷ್ಟು ದೊಡ್ಡದು ಪಕ್ಕದಲ್ಲೇ ಇದೆಯಲ್ಲ, ಗಾಜು ಇಳಿಸಿ."
ಆ ಸಮುದ್ರವೇ ತಿಂದಿತ್ತು ಕಂಡೆನ್ಸರಿನ ರೆಕ್ಕೆಗಳನ್ನು.
ಪುರ್ಸು ಬೆರಳು ತಾಗಿಸಿದ,
ಸುಟ್ಟ ಹಪ್ಪಳದ ಹಾಗೆ ಉದುರಿದವು.

ಆಮೇಲೆ ಸೋಪಿನ ನೊರೆ ಹಚ್ಚಿದ ಪೈಪಿಗೆಲ್ಲ, ಕೀಲು ಕೀಲಿಗೂ.
ಕಾದೆವು. ಅವನು ಬೀಡಿ ಹಚ್ಚಲೂ ಇಲ್ಲ.
ಕಂಪ್ರೆಸರಿನ ಕುತ್ತಿಗೆಯಲ್ಲಿ ಒಂದು ಗುಳ್ಳೆ
ಕಡಲೆಯಷ್ಟಾಯಿತು, ಗೋಲಿಯಷ್ಟಾಯಿತು, ಒಡೆಯಿತು.
ಹಳೆಯ ಗ್ಯಾಸು. ಈಗ ಎಲ್ಲೂ ಸಿಗದು,
ಆಕಾಶ ತೂತಾಗುತ್ತದೆಂದು ನಿಲ್ಲಿಸಿದ್ದಾರೆ.
ನನಗೆ ಹದಿನಾಲ್ಕಿದ್ದಾಗಿನ ಯಾರದೋ ಮೇ ತಿಂಗಳ ತಂಪು
ಇಷ್ಟು ವರ್ಷ ಕತ್ತಲಲ್ಲಿ ಸುತ್ತಿ ಸುತ್ತಿ
ಕೋಡಿಬಾಗದ ಈ ತಗಡಿನ ಕೆಳಗೆ ಹೊರಬಿತ್ತು.
ನಾನು ಬೆರಳಿಟ್ಟೆ. ಇತ್ತು, ಇಷ್ಟೇ ಇಷ್ಟು.
"ಹೊಸ ಗ್ಯಾಸು ಸಾಧು," ಎಂದ ಪುರ್ಸು,
"ಸಾಧುವಿನ ಕೈಗೆ ಬಲ ಕಡಿಮೆ."

ಸೀಲು, ಎಣ್ಣೆ, ಡ್ರೈಯರ್ ಬಾಟಲಿ,
ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬಂದ ಕಂಡೆನ್ಸರು.
ಬಿಲ್ಲಿನ ಮೊತ್ತ ಪಟ್ಟಿಯಲ್ಲಿ ಬರೆಯಲಿಲ್ಲ.
ಇಷ್ಟು ಖರ್ಚು ಯಾಕೆ ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ:
ನನಗೂ ನಲವತ್ತೊಂಬತ್ತು.
ನಿಂತಲ್ಲೇ ಏರುತ್ತದೆ, ಹೇಳದೆ ಕೇಳದೆ,
ಕಿವಿಯ ಹಿಂದಿನಿಂದ, ಕುತ್ತಿಗೆಯಿಂದ;
ಸಾಹೇಬರ ಮುಂದೆ ಫೈಲು ಹಿಡಿದು ನಿಂತಿರುವಾಗ
ಕೈಯಲ್ಲಿನ ಕಾಗದ ಒದ್ದೆ.
ಅದನ್ನು ಬರೆಯಲು ಯಾವ ಪಟ್ಟಿಯಲ್ಲೂ ಕಾಲಮ್ಮಿಲ್ಲ.

ರವಿವಾರ ಸುರಂಗ ಬಿಟ್ಟು ಬಿಣಗಾದ ಹಳೆಯ ಘಟ್ಟ ಹಿಡಿದೆ.
ಪುರ್ಸುವಿನ ಆಜ್ಞೆ: ಏರಿನಲ್ಲಿ ಎಸಿ ಬಂದ್,
ಇಂಜಿನ್ನಿಗೆ ಒಂದೇ ಹೊಟ್ಟೆ.
ಬಂದ್ ಮಾಡಿದೆ. ಎರಡನೆಯ ತಿರುವಿಗೆ ನನ್ನದು ಶುರುವಾಯಿತು,
ಸೀಟಿನ ರೆಗ್ಝಿನ್ನು ಬೆನ್ನಿಗೆ ಅಂಟಿತು.
ಇಬ್ಬರೂ ಕುದಿಯುತ್ತ ಹತ್ತಿದೆವು, ಸೆಕೆಂಡ್ ಗೇರಿನಲ್ಲಿ.
ತಲೆಗೆ ಬಂದು ಸ್ವಿಚ್ಚು ಒತ್ತಿದೆ,
ಟಕ್. ಕ್ಲಚ್ಚು ಕಚ್ಚಿತು.
ಮೊದಲ ಗಾಳಿಗೆ ಬಂಗಡೆಯ ವಾಸನೆ.
(ಥರ್ಮಾಮೀಟರು ಇನ್ನೂ ವಾಪಸು ಹೋಗಿಲ್ಲ.)

ಅರಗಾದ ಗೇಟಿನ ಬಳಿ ನೇವಿ ಲಾರಿಗಳ ಸಾಲು, ಎಲ್ಲ ನಿಂತಿತು.
ಇಪ್ಪತ್ತೆರಡು. ಇಪ್ಪತ್ತನಾಲ್ಕು.
ಗೇರು ತೆಗೆದು ಆಕ್ಸಿಲರೇಟರು ಒತ್ತಿದೆ.
ಪಹರೆಯ ಹುಡುಗ ತಿರುಗಿ ನೋಡಿದ,
ನಿಂತ ಗಾಡಿಯಲ್ಲಿ ಈ ಹೆಂಗಸು ಯಾಕೆ ಗುರುಗುಡುತ್ತಾಳೆ ಎಂದು.
ನೋಡಲಿ.
ಹತ್ತೊಂಬತ್ತು.
ಕಾಲು ತೆಗೆಯಲಿಲ್ಲ.