ಗ್ರೇಡಿಂಗ್

ಬಣ್ಣದ ಹೆಸರು ಹೇಳಲಾಗಲಿಲ್ಲ ನನಗೆ.
ನೇರಳೆಯಾ, ಕೇಳಿದ ಕುಲಶೇಖರದ ನರ್ಸರಿಯ ಬೊನಿಫಾಸ್.
ಅಲ್ಲ. ಮೆರೂನಾ? ಅದೂ ಪೂರ್ತಿ ಅಲ್ಲ.
ಪುನರ್ಪುಳಿ ಸಿಪ್ಪೆ ನಾಲ್ಕು ಬಿಸಿಲು ಕಂಡು
ಚಾಪೆಯ ಮೇಲೆ ಮುದುಡಿ ಮಲಗಿರುತ್ತದಲ್ಲ,
ಐದನೆಯ ಬಿಸಿಲಿಗೆ ಮುಂಚೆ,
ಆ ಬಣ್ಣದ ಎಲೆ. ವರ್ಷವಿಡೀ ಬೋಳಾಗದ್ದು.
ಎದೆಮಟ್ಟಕ್ಕೆ ಬಂದು ನಿಲ್ಲುವಂಥದ್ದು. ಐದು ಗಿಡ.

ಅವನು ನಕ್ಕ. ನಾನು ನಗಲಿಲ್ಲ.
ಇಪ್ಪತ್ತಮೂರು ವರ್ಷ ಗೇರುಬೀಜದ ಕಾರ್ಖಾನೆಯಲ್ಲಿ
ಟ್ಯೂಬ್‌ಲೈಟಿನ ಕೆಳಗೆ ಕೂತು
ಬಿಳಿಯಿಂದ ಅರೆಬಿಳಿ ಬೇರೆ ಮಾಡಿದವಳು ನಾನು.
ಕೂದಲೆಳೆಯಷ್ಟು ಹೊಂಬಣ್ಣ ಹೆಚ್ಚಿದರೆ ಎಡದ ತಟ್ಟೆ,
ಚೂರು ಕಂದಿದ್ದರೆ ಅದರಾಚೆಯ ತಟ್ಟೆ,
ಸುಟ್ಟದ್ದು ಕಾಲ ಬಳಿಯ ಡಬ್ಬಕ್ಕೆ.
ರುಚಿ ಹೆಚ್ಚುಕಡಿಮೆ ಒಂದೇ. ಬೆಲೆ ಬಣ್ಣಕ್ಕೆ.
‘ಕಣ್ಣಲ್ಲ ವಾರಿಜಾ, ಬೆರಳು ನೋಡ್ಬೇಕು’
ಎನ್ನುತ್ತಿದ್ದರು ಸೂಪರ್‌ವೈಸರ್ ಸೆವ್ರಿನ್ ಬಾಯಿ.

ಹಸಿರು ಬಲೆಯ ಕೆಳಗೆ ತೊಟ್ಟೆಗಳ ಸಾಲು.
ಲೋರೋಪೆಟಲಮ್, ಚೀನಾ ಕಡೆಯದ್ದು, ಚಂದ ಹೌದು,
‘ಆದ್ರೆ ನಮ್ಮ ಜೂನಿಗೆ ಬೇರು ಕೊಳೀತದೆ, ಸುಳ್ಳು ಹೇಳುದಿಲ್ಲ.’
ಕಾರ್ಡಿಲೈನ್ ನೆಟ್ಟಗೆ ಬೆಳೆಯುತ್ತದೆ, ಮೈ ತುಂಬುವುದಿಲ್ಲ,
ಬಿಡಿಸದ ಕೊಡೆಯನ್ನು ಗೋಡೆಗೆ ಒರಗಿಸಿದ ಹಾಗೆ.
ಅಕಾಲಿಫಾ ತಾಮ್ರ. ನನಗೆ ತಾಮ್ರ ಬೇಡ.
ಇನ್ನೊಂದು, ಹೆಸರು ಅವನಿಗೂ ಗೊತ್ತಿಲ್ಲ,
ನನ್ನ ಬಣ್ಣಕ್ಕೆ ತೀರ ಹತ್ತಿರ.
ಎಲೆ ಮುರಿದೆ. ಬಿಳಿ ಹಾಲು.
‘ಕಣ್ಣಿಗೆ ತಾಗಿಸ್ಬೇಡಿ, ಉರೀತದೆ.’

ಬೆರಳು ಕೊಡವಿದೆ.
ಗ್ರೇಡಿಂಗಿಗೆ ಬರುವ ಮುಂಚೆ
ಆರು ವರ್ಷ ಬೀಜದ ಸಿಪ್ಪೆ ಒಡೆದ ಬೆರಳುಗಳು ಇವು.
ಗೇರೆಣ್ಣೆ ಗೆರೆಗಳನ್ನೆಲ್ಲ ತಿಂದು ಮುಗಿಸಿದೆ.
ರೇಷನ್ ಅಂಗಡಿಯ ಮೆಷಿನು ಇವತ್ತಿಗೂ
ನಾನು ನಾನಲ್ಲ ಅನ್ನುತ್ತದೆ.
ಸುಡುವ ಗಿಡ ಬೇಡ, ಅಂದೆ.

ಕೊನೆಗೆ ಗೊಬ್ಬರದ ಚೀಲಗಳ ಹಿಂದೆ, ಕಪ್ಪು ಎರಾಂಥೆಮಮ್.
ಮೇಲಿನಿಂದ ನೋಡಿದರೆ ಬರೀ ಮಸಿ.
ಒಂದೆಲೆ ಎತ್ತಿ ಸೂರ್ಯನಿಗೆ ಅಡ್ಡ ಹಿಡಿದೆ:
ಗಾಜಿನ ಲೋಟದಲ್ಲಿ ಪುನರ್ಪುಳಿ ಶರಬತ್ತು.
ಎಷ್ಟು ಹೊತ್ತು ಹಿಡಿದೆನೋ,
ಬೊನಿಫಾಸ್ ಇನ್ನೊಬ್ಬರಿಗೆ ಮಲ್ಲಿಗೆ ಗಿಡ ಕೊಟ್ಟು,
ಚಿಲ್ಲರೆ ಹುಡುಕಿ, ವಾಪಸು ಬಂದ.
‘ಒಂದು ಮಾತು ಉಂಟು. ನೆರಳಲ್ಲಿ ಇಟ್ರೆ ಇದು ಹಸಿರಾಗ್ತದೆ.
ಕಪ್ಪಾಗ್ಲಿಕ್ಕೆ ಬಿಸಿಲು ಬೇಕು ಮಾರಾಯ್ರೆ, ಒಳ್ಳೆ ಬಿಸಿಲು.’

ಬಿಸಿಲಿಗೆ ಹೋಗಬೇಡ, ಇನ್ನೂ ಕಪ್ಪಾಗುತ್ತಿ,
ಅನ್ನುವ ದೊಡ್ಡಮ್ಮನ ಕೈಯಲ್ಲಿ ಬೆಳೆದವಳು.
ಮದುವೆಗೆ ಸೀರೆ ತೆಗೆಯುವಾಗ
ಇದೇ ಬಣ್ಣದ ಸೆರಗು ಮುಟ್ಟಿದ್ದೆ.
ನನ್ನ ಮುಖ ನೋಡಿ, ಅಂಗಡಿಯವನೇ ಅದನ್ನು ಮಡಚಿಟ್ಟು
ನಸುಹಳದಿ ಬಿಡಿಸಿದ್ದ.

ಐದೂ ಕೊಡಿ, ಅಂದೆ. ಮೂವತ್ತು ರೂಪಾಯಿ ಬಿಟ್ಟ.
ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಬೈದ,
ಆಮೇಲೆ ತಾನೇ ಎರಡು ತೊಟ್ಟೆ ಎತ್ತಿ
ಡ್ರೈವರನ ಪಕ್ಕ ಎಂಜಿನ್ ಮೇಲಿಟ್ಟ.

ಗ್ರಾಚ್ಯುಯಿಟಿ ದುಡ್ಡಲ್ಲಿ ಕಟ್ಟಿದ ಕಂಪೌಂಡು,
ಸಾರಣೆ ಆಗಿಲ್ಲ, ಮುರಕಲ್ಲು ಹಾಗೇ ಕೆಂಪಗೆ.
ಅದರ ಮುಂದೆ ಎರಡು ಮಳೆಗಾಲ ದಾಟಿದವು.
ನಾಲ್ಕು ಗಿಡ ಹೇಳಿದ ಹಾಗೆ ಕೇಳಿವೆ, ಕಡು ಕಪ್ಪು.
ಐದನೆಯದರ ಮೇಲೆ ಪಕ್ಕದ ಮೈಮುನಾರ ಮನೆಯ
ನೀರಿನ ಟ್ಯಾಂಕಿನ ನೆರಳು.
ಅದು ಅರ್ಧ ಹಸಿರು, ಅರ್ಧ ಯಾವ ತಟ್ಟೆಗೂ ಸೇರದ್ದು.

ಬೆಳಿಗ್ಗೆ ನೀರು ಬಿಡುವಾಗ
ಬಲಗೈ ತಂತಾನೇ ಎದ್ದು
ಅದನ್ನು ಎಡಕ್ಕೆ ಸರಿಸಲು ಹೋಗುತ್ತದೆ.
ಎಡಕ್ಕೆ ತಟ್ಟೆ ಇಲ್ಲ, ಬರೀ ಬಾವಿಕಟ್ಟೆ.
ಪೈಪು ಅಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತದೆ.